ಒರೆಸದೆ ಉಳಿಸಿದ ಮಸಿಯಲ್ಲಿ ವೆನಿಸ್ಸಿನ ಇರುಳು

ಜೇಮ್ಸ್ ಮೆಕ್‌ನೀಲ್ ವಿಸ್ಲರ್ 1879ರ ಸೆಪ್ಟೆಂಬರಿನಲ್ಲಿ ವೆನಿಸ್ಸಿಗೆ ಹೊರಟಾಗ ಅವನ ಬಳಿ ಸ್ವಂತದ್ದೆನ್ನುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ಈ ಅಮೆರಿಕನ್ ಕಲಾವಿದ, ತನ್ನ ಇರುಳಿನ ವರ್ಣಚಿತ್ರವನ್ನು ಹೀಗಳೆದ ವಿಮರ್ಶಕ ಜಾನ್ ರಸ್ಕಿನ್ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ್ದ. 1878ರಲ್ಲಿ ಗೆದ್ದದ್ದೂ ಹೌದು. ಆದರೆ ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲುಭಾಗ! ಕೋರ್ಟು ಖರ್ಚು ಹಳೆಯ ಸಾಲದೊಡನೆ ಸೇರಿ ಮರುವರ್ಷ ಅವನನ್ನು ದಿವಾಳಿಯಾಗಿಸಿತು. ಮನೆ ಮಾರಾಟವಾಯಿತು. ಆಗ ಲಂಡನ್ನಿನ ಫೈನ್ ಆರ್ಟ್ ಸೊಸೈಟಿ ವೆನಿಸ್ಸಿನ 12 ಎಚ್ಚಿಂಗ್‌ಗಳನ್ನು ಮಾಡಿಕೊಡುವಂತೆ ಕೇಳಿತು.

ಎಚ್ಚಿಂಗ್ ವಿಸ್ಲರನಿಗೆ ಹೊಸದಲ್ಲ. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜಿಯಿಂದ ಗೀರಿ, ತಗಡನ್ನು ಆಮ್ಲದಲ್ಲಿ ಅದ್ದುತ್ತಾರೆ. ಗೀರಿದಲ್ಲಿ ಮಾತ್ರ ಆಮ್ಲ ಕೊರೆಯುತ್ತದೆ. ಆ ಕೊರೆತದಲ್ಲಿ ನಿಂತ ಮಸಿಯೇ ಕಾಗದದ ಮೇಲೆ ಚಿತ್ರವಾಗಿ ಮೂಡುತ್ತದೆ. ಇಪ್ಪತ್ತರ ಹರೆಯದಲ್ಲಿ ಅವನು ಈ ಕೆಲಸ ಕಲಿತದ್ದು ಅಮೆರಿಕದ ಕರಾವಳಿ ಸರ್ವೇಕ್ಷಣಾ ಕಚೇರಿಯಲ್ಲಿ, ನಕಾಶೆ ಕೊರೆಯುತ್ತ. 1859ರ ‘ಬ್ಲ್ಯಾಕ್ ಲಯನ್ ವಾರ್ಫ್’ನಲ್ಲಿ ಥೇಮ್ಸ್ ದಂಡೆಯ ಗೋದಾಮು, ದೋಣಿಗಳನ್ನು ಅವನು ಅಷ್ಟೇ ಕರಾರುವಾಕ್ಕಾಗಿ ಗೀರಿದ್ದ.

ವೆನಿಸ್ಸಿನಲ್ಲಿ ಆ ಕರಾರುವಾಕ್ಕುತನವನ್ನೇ ಕೈಬಿಟ್ಟ. ಪ್ರವಾಸಿಗರು ಮುಗಿಬೀಳುವ ಅರಮನೆಗಳಿಗಿಂತ ಹಿಂದಿನ ಓಣಿ, ಮಣಿ ಪೋಣಿಸುವ ಹೆಂಗಸರು, ಮೀನುದೋಣಿ ಅವನನ್ನು ಸೆಳೆದವು. ‘ನಾಕ್ಟರ್ನ್’ ಎಂಬ ಚಿತ್ರದಲ್ಲಂತೂ ಗೆರೆಗಳೇ ಕಡಿಮೆ. ಇರುಳ ನೀರಿನ ಮೇಲೆ ಒಂದು ಹಡಗು, ದೂರದಲ್ಲಿ ಊರಿನ ಅಂಚು, ಅಷ್ಟೆ. ಹಾಗಾದರೆ ನೀರಿನ ಮೇಲಿನ ಮಬ್ಬು ಬೆಳಕು ಎಲ್ಲಿಂದ ಬಂತು?

ಸಾಮಾನ್ಯವಾಗಿ ಮುದ್ರಕರು ತಗಡಿನ ಮೇಲ್ಮೈಯ ಮಸಿಯನ್ನು ಚೊಕ್ಕವಾಗಿ ಒರೆಸಿಬಿಡುತ್ತಾರೆ. ವಿಸ್ಲರ್ ತೆಳುವಾದ ಪದರವೊಂದನ್ನು ಬೇಕೆಂದೇ ಉಳಿಸಿದ. ಹೆಚ್ಚು ಒರೆಸಿದ ಕಡೆ ಬೆಳಕು, ಬಿಟ್ಟ ಕಡೆ ಕತ್ತಲು. ಹೀಗಾಗಿ ಒಂದೇ ತಗಡಿನಿಂದ ಬಂದ ಪ್ರತಿಗಳಲ್ಲಿ ಒಂದು ಮುಸ್ಸಂಜೆಯಂತೆ ಕಂಡರೆ ಇನ್ನೊಂದು ನಡುರಾತ್ರಿಯಂತೆ ಕಾಣುತ್ತದೆ. ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವಂತಿರಲಿಲ್ಲ. ತಾನೇ ಅಚ್ಚು ಹಾಕಲು ಕೂತ, ಒಪ್ಪಂದದ ಪ್ರತಿಗಳು ವರ್ಷಗಟ್ಟಲೆ ಬಾಕಿ ಉಳಿದವು. ಇನ್ನೊಂದು ತಮಾಷೆ: ಎದುರಿಗೆ ಕಂಡದ್ದನ್ನು ನೇರವಾಗಿ ತಗಡಿನ ಮೇಲೆ ಬರೆದದ್ದರಿಂದ ಅಚ್ಚಿನಲ್ಲಿ ವೆನಿಸ್ ಎಡಬಲ ಅದಲುಬದಲಾಯಿತು. ಅದನ್ನು ಸರಿಪಡಿಸುವ ಗೋಜಿಗೆ ಅವನು ಹೋಗಲಿಲ್ಲ.

ಮೂರು ತಿಂಗಳಿಗೆಂದು ಹೋದವನು ಮರಳಿದ್ದು 1880ರ ನವೆಂಬರಿನಲ್ಲಿ, ಸುಮಾರು 50 ತಗಡುಗಳೊಂದಿಗೆ. ಮರುತಿಂಗಳೇ 12 ಚಿತ್ರಗಳ ಪ್ರದರ್ಶನ ನಡೆಯಿತು. ಇವು ಅರೆಬರೆ ಕೆಲಸ ಎಂದು ಹಲವು ವಿಮರ್ಶಕರು ಮೂಗು ಮುರಿದರು. ರಸ್ಕಿನ್ ಪ್ರಕರಣದಲ್ಲಿ ಕೈ ಸುಟ್ಟುಕೊಂಡಿದ್ದ ವಿಸ್ಲರ್ ಈ ಸಲ ಕೋರ್ಟಿಗೆ ಹೋಗಲಿಲ್ಲ. 1883ರಲ್ಲಿ ವೆನಿಸ್ ಚಿತ್ರಗಳ ಇನ್ನೊಂದು ಪ್ರದರ್ಶನ ಏರ್ಪಡಿಸಿ, ವಿಮರ್ಶಕರ ಬೈಗುಳಗಳನ್ನೇ ಆರಿಸಿ ಚಿತ್ರಗಳ ಹೆಸರಿನ ಕೆಳಗೆ ಕ್ಯಾಟಲಾಗಿನಲ್ಲಿ ಅಚ್ಚು ಹಾಕಿಸಿದ.