ಮಲಾನಾ: ಜಮದಗ್ನಿಯ ಊರು, ಚರಸ್ಸಿನ ಊರು

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿ, ಪಾರ್ವತಿ ನದಿಯನ್ನು ಸೇರುವ ಹಳ್ಳವೊಂದರ ಮೇಲುಗಡೆ, ಸುಮಾರು 2,650 ಮೀಟರ್ ಎತ್ತರದಲ್ಲಿ ಮಲಾನಾ ಇದೆ. ಊರ ದೇವರು ಜಮ್ಲು. ಅವನೇ ಜಮದಗ್ನಿ ಋಷಿ ಎಂಬುದು ಅಲ್ಲಿನವರ ನಂಬಿಕೆ. ಸವದತ್ತಿ ಎಲ್ಲಮ್ಮನ ಕತೆ ಕೇಳಿ ಬೆಳೆದ ನಮಗೆ ಜಮದಗ್ನಿಯೆಂದರೆ ರೇಣುಕೆಯ ಗಂಡ, ಕಡುಕೋಪದ ಮುನಿ. ಮಲಾನಾದಲ್ಲಿ ಅವನು ಊರಿನ ಒಡೆಯ, ನ್ಯಾಯ ಹೇಳುವವನೂ ಅವನೇ. ತಂಟೆ ತಕರಾರು ಮೊದಲು ಹಿರಿಯರ ಸಭೆಗೆ ಹೋಗುತ್ತದೆ. ಆ ಸಭೆಗೆ ಮೇಲ್ಮನೆ, ಕೆಳಮನೆ ಎರಡೂ ಉಂಟು. ಅಲ್ಲಿ ಬಗೆಹರಿಯದ್ದು ದೇವರ ಮುಂದೆ. ಹೊರಗಿನವರು ಗುಡಿಯ ಗೋಡೆ ಮುಟ್ಟಿದರೆ ದಂಡ ಕಟ್ಟಬೇಕು. ಊರಿನವರಾಡುವ ಕನಾಶಿ ಟಿಬೆಟೊ-ಬರ್ಮನ್ ಕುಟುಂಬದ ಮಾತು, ಸುತ್ತಲ ಹಳ್ಳಿಗಳ ಕುಲ್ಲೂಯಿಗೂ ಅದಕ್ಕೂ ನಂಟಿಲ್ಲ. ಅಲೆಕ್ಸಾಂಡರನ ಸೈನಿಕರ ಸಂತತಿ ಇವರು ಎಂದು ಪ್ರವಾಸಿಗರಿಗೆ ಹೇಳುವ ಕತೆಗೆ ಆಧಾರವಿಲ್ಲ. ಆ ಕತೆಯಿಲ್ಲದೆಯೂ ಊರಿಗೆ ಬೇಕಾದಷ್ಟು ಚರಿತ್ರೆಯಿದೆ.

ಗಾಂಜಾ ಗಿಡ ಮಲಾನಾದ ಕಣಿವೆಯಲ್ಲಿ ಬಿತ್ತದೆಯೂ ಬೆಳೆಯುತ್ತದೆ. ಹಿಂದಿನವರು ಅದರ ನಾರಿನಿಂದ ಹಗ್ಗ ಹೊಸೆದರು, ಪಾದರಕ್ಷೆ ಹೆಣೆದರು, ಬೀಜವನ್ನು ಅಡುಗೆಗೆ ಬಳಸಿದರು. 1970ರ ದಶಕದಿಂದ ಕುಲ್ಲು ಕಡೆಗೆ ಹಿಪ್ಪಿಗಳು ಬರತೊಡಗಿದ ಮೇಲೆ ಗಿರಾಕಿ ಬದಲಾದ, ಬೆಲೆಯೂ ಬದಲಾಯಿತು. ಅಲ್ಲಿನ ಚರಸ್ಸಿಗೆ ಬಿದ್ದ ‘ಮಲಾನಾ ಕ್ರೀಮ್’ ಎಂಬ ಹೆಸರು ಆಮ್‌ಸ್ಟರ್‌ಡ್ಯಾಮಿನ ಕಾಫಿ ಶಾಪುಗಳವರೆಗೆ ಹೋಯಿತು.

ಸೆಪ್ಟೆಂಬರ್, ಅಕ್ಟೋಬರ್ ಉಜ್ಜುವ ಕಾಲ. ಹಸಿ ಹೂಗೊಂಚಲನ್ನು ಎರಡು ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ತೀಡುತ್ತಾರೆ. ಅವಸರಪಟ್ಟರೆ ಎಲೆಯ ಚೂರು ಬೆರೆತು ಮಾಲು ಕೆಡುತ್ತದೆ. ಗಂಟೆಗಟ್ಟಲೆ ತೀಡಿದ ಮೇಲೆ ಅಂಗೈ ಮೇಲೆ ಕಪ್ಪು ಅಂಟು ಪದರಗಟ್ಟುತ್ತದೆ, ಅದೇ ಚರಸ್. ಅದನ್ನು ಹೆಬ್ಬೆರಳಿನಿಂದ ಕೆರೆದು ತೆಗೆದು ಉಂಡೆಯನ್ನೋ ಬತ್ತಿಯನ್ನೋ ಮಾಡುತ್ತಾರೆ. ಇಡೀ ದಿನದ ದುಡಿಮೆ ಒಂದು ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆ. ಮನೆಮಂದಿಯೆಲ್ಲ ಕೂತು ಮಾಡುವ ಕೆಲಸವಿದು. ದೊಡ್ಡ ಲಾಭ ಸಿಗುವುದು ಮಾತ್ರ ಬೆಟ್ಟದ ಕೆಳಗಿರುವ ದಲ್ಲಾಳಿಗೆ.

1985ರಲ್ಲಿ ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂತು. ಅದರ ಪ್ರಕಾರ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಸಜೆ. ಒಂದು ಕಿಲೋಗಿಂತ ಹೆಚ್ಚು ಚರಸ್ ಸಿಕ್ಕಿದರೆ ಕನಿಷ್ಠ 10, ಗರಿಷ್ಠ 20 ವರ್ಷ. ಜೊತೆಗೆ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ. ಜಾಮೀನು ಸಿಗುವುದೇ ಕಷ್ಟ. ತನ್ನ ನೆಲದಲ್ಲಿ ಅಕ್ರಮವಾಗಿ ಗಿಡ ಎದ್ದಿದೆಯೆಂದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಜಮೀನುದಾರನೂ, ಸುದ್ದಿ ಮುಟ್ಟಿಸದ ಪಂಚರೂ ತಪ್ಪಿತಸ್ಥರೇ. ಅಣ್ಣ ತಮ್ಮಂದಿರೇ ಒಕ್ಕಲಾಗಿರುವ ಊರಿನಲ್ಲಿ ಪಂಚನೊಬ್ಬ ಯಾರ ಮೇಲೆ ದೂರು ಕೊಡಬೇಕು? ಕಾಯ್ದೆ ಬರೆದವರ ಕಣ್ಣಿಗೆ ಇಂಥ ಊರು ಬಿದ್ದಿರಲಿಲ್ಲ ಎಂದೇ ನನಗನ್ನಿಸುತ್ತದೆ.

ಪೊಲೀಸರು, ಅರಣ್ಯ ಇಲಾಖೆಯವರು ಬೆಟ್ಟ ಹತ್ತಿ ಗಿಡ ಕಡಿಯುತ್ತಾರೆ, ಸುಡುತ್ತಾರೆ. ಬೆಳೆ ಇನ್ನೂ ಮೇಲಕ್ಕೆ, ಕಾಡಿನ ಒಳಕ್ಕೆ ಸರಿಯುತ್ತದೆ. ಕೆಳಗಿನ ರಸ್ತೆಯಲ್ಲಿ ಬಸ್ಸು, ಕಾರು ತಪಾಸಣೆಯಾದಾಗ ಸಿಕ್ಕಿಬೀಳುವವರು ಹೆಚ್ಚಾಗಿ ಚೀಲ ಹೊತ್ತ ಕೂಲಿಯವರು. ಪೊಲೀಸರನ್ನು ಹಳಿದು ಪ್ರಯೋಜನವಿಲ್ಲ. ಆ ಕಡಿದಾದ ಇಳಿಜಾರಿನಲ್ಲಿ ಗಿಡ ಕೀಳುವುದು ಸುಲಭದ ಕೆಲಸವಲ್ಲ, ಕಿತ್ತ ಜಾಗಕ್ಕೆ ಬೇರೆ ಬೆಳೆ ತಂದುಕೊಡುವುದು ಅವರ ಕೆಲಸವೂ ಅಲ್ಲ. ಅದನ್ನು ಮಾಡಬೇಕಾದ ಸರ್ಕಾರ ಇಷ್ಟು ವರ್ಷ ಮಾಡಲಿಲ್ಲ, ನನ್ನ ಆಕ್ಷೇಪ ಅಲ್ಲಿ.

ಊರಿಗೆ ಬೇರೆ ಪೆಟ್ಟುಗಳೂ ಬಿದ್ದವು. ಜಲವಿದ್ಯುತ್ ಯೋಜನೆಯ ಜೊತೆ ರಸ್ತೆ ಹತ್ತಿರ ಬಂತು. 86 ಮೆಗಾವಾಟ್‌ನ ಮೊದಲ ಯೋಜನೆ 2001ರಲ್ಲಿ ಶುರುವಾಯಿತು. 2008ರ ಜನವರಿಯ ಬೆಂಕಿಯಲ್ಲಿ ಕಲ್ಲು ಮರ ಕೂಡಿಸಿ ಕಟ್ಟಿದ ಹಳೆಯ ಮನೆಗಳು, ಗುಡಿಗಳು ಸುಟ್ಟುಹೋದವು. 2017ರಲ್ಲಿ ಜಮ್ಲುವಿನ ಅಪ್ಪಣೆಯೆಂದು ಊರಿನವರೇ ಅತಿಥಿಗೃಹಗಳನ್ನು ಮುಚ್ಚಿಸಿದರು. 2024ರ ಆಗಸ್ಟಿನ ಪ್ರವಾಹದಲ್ಲಿ ಆ ಯೋಜನೆಯ ಅಣೆಕಟ್ಟೇ ಒಡೆಯಿತು.

ಈಗ ಹಿಮಾಚಲದ ಪೊಲೀಸರಿಗೆ ಚರಸ್ಸಿಗಿಂತ ದೊಡ್ಡ ತಲೆನೋವು ‘ಚಿಟ್ಟಾ’, ಅಂದರೆ ಹೆರಾಯಿನ್. ಅದು ಬೆಟ್ಟದಲ್ಲಿ ಬೆಳೆದದ್ದಲ್ಲ, ಹೊರಗಿನಿಂದ ಬಂದದ್ದು. ಹಳ್ಳಿಯ ಹುಡುಗರನ್ನು ಕೊಲ್ಲುತ್ತಿರುವುದು ಅದು. ಇರುವಷ್ಟು ಸಿಬ್ಬಂದಿಯನ್ನು ಮೊದಲು ಅದರ ಬೆನ್ನು ಹತ್ತಿಸುವುದೇ ಸರಿ.

ಔಷಧಿಗೆ, ನಾರಿಗೆ ಗಾಂಜಾ ಗಿಡ ಬೆಳೆಯಲು ಕಾಯ್ದೆಯಲ್ಲೇ ಅವಕಾಶವಿದೆ. 2024ರಲ್ಲಿ ಹಿಮಾಚಲ ವಿಧಾನಸಭೆ ಅದರ ಪರವಾಗಿ ನಿರ್ಣಯ ಅಂಗೀಕರಿಸಿತು, 2025ರ ಜನವರಿಯಲ್ಲಿ ಸಂಪುಟ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿತು. ಆದರೆ ನಾರಿನ ಬೆಳೆಗೆ ಅಮಲು ಕಡಿಮೆಯಿರುವ ತಳಿ ಬೇಕು. ಮಲಾನಾದ ಬೀಜ ಹೆಸರಾದದ್ದೇ ಅಮಲಿಗೆ. ಹೊಸ ಬೀಜ, ಸಂಸ್ಕರಣಾ ಘಟಕ, ಖಚಿತ ಖರೀದಿ ಇಲ್ಲದೆ ಪರವಾನಗಿ ಕೊಟ್ಟರೆ ಅದು ಬಯಲಿನ ಕಂಪನಿಗಳ ಪಾಲಾಗುತ್ತದೆ. ಮೊದಲ ಪರವಾನಗಿ ಮೆಟ್ಟಿಲು ಹೊಲದ ಸಣ್ಣ ರೈತನಿಗೇ ಸಿಗಬೇಕು.

ಬೆಂಗಳೂರು, ಮೈಸೂರಿನಿಂದ ಪಾರ್ವತಿ ಕಣಿವೆಯ ಕಸೋಲಿಗೆ ಹೊರಡುವ ಹುಡುಗ ಹುಡುಗಿಯರಿಗೆ ಒಂದು ಮಾತು. ಮಲಾನಾಕ್ಕೆ ಹೋಗಿ, ಚಂದ್ರಖಾನಿ ಕಣಿವೆದಾರಿ ಹತ್ತಿ, ಅಲ್ಲಿನ ಹುಡುಗರನ್ನೇ ಮಾರ್ಗದರ್ಶಕರಾಗಿ ಕರೆದುಕೊಂಡು ಅವರಿಗೆ ಕೂಲಿ ಕೊಡಿ. ಚರಸ್ ಮಾತ್ರ ಕೊಳ್ಳಬೇಡಿ, ಇನ್ನೊಬ್ಬರ ಚೀಲವನ್ನೂ ಹೊರಬೇಡಿ.