ಕತ್ತಲನ್ನೇ ನಂಬಿದ ಆಟ
1998ರಲ್ಲಿ ಕಂಪ್ಯೂಟರ್ ಗೇಮ್ ಅಂದರೆ ಹೆಚ್ಚಾಗಿ ಗುಂಡು ಹಾರಿಸುವುದೇ. ಆ ವರ್ಷ ಅಮೆರಿಕದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ‘ಥೀಫ್: ದಿ ಡಾರ್ಕ್ ಪ್ರಾಜೆಕ್ಟ್’ ತಂದು ನಮ್ಮನ್ನು ಗ್ಯಾರೆಟ್ ಎಂಬ ಕಳ್ಳನನ್ನಾಗಿ ಮಾಡಿತು.

ಪಂಜು, ಮಾಟ, ಎದ್ದು ನಡೆಯುವ ಹೆಣಗಳಿರುವ ಮಧ್ಯಯುಗದಂಥ ಊರು. ಕೈಯಲ್ಲಿ ಕತ್ತಿ ಇದ್ದರೂ ಕಾವಲುಗಾರರಿಗೆ ಎದುರು ನಿಂತರೆ ಉಳಿಯುವುದು ಕಷ್ಟ. ನೀರಿನ ಬಾಣ ಬಿಟ್ಟು ಪಂಜು ಆರಿಸಬೇಕು, ನೆರಳಲ್ಲಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಕಲ್ಲು ನೆಲದಲ್ಲಿ ಹೆಜ್ಜೆ ಸದ್ದಾಗುತ್ತದೆ, ಜಮಖಾನದ ಮೇಲೆ ಆಗದು; ತಡರಾತ್ರಿ ಮನೆಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ನಮಗೆ ಹಿಡಿಸಿದ್ದು ಇನ್ನೊಂದು. ಅತಿ ಕಷ್ಟದ ಹಂತದಲ್ಲಿ ಮನುಷ್ಯರನ್ನು ಕೊಂದರೆ ಆಟ ಸೋತಂತೆ. ಕಳ್ಳತನದ ಆಟಕ್ಕೂ ಒಂದು ನೇಮ!

2000ದ ಮಾರ್ಚ್‌ನಲ್ಲಿ ಎರಡನೇ ಭಾಗ ಬಂತು. ಮೇ ತಿಂಗಳಲ್ಲಿ ಹಣವಿಲ್ಲದೆ ಸ್ಟುಡಿಯೋಗೇ ಬೀಗ ಬಿತ್ತು. ಅಭಿಮಾನಿಗಳು ಮಾತ್ರ ಆಮೇಲೂ ವರ್ಷಗಟ್ಟಲೆ ಹೊಸ ಹೊಸ ಹಂತಗಳನ್ನು ತಾವೇ ಕಟ್ಟಿ ಹಂಚುತ್ತ ಬಂದರು.