ಕಾಲೇಜಿನ ಮೊದಲ ವರ್ಷ: ಗುರು-ಶಿಷ್ಯರ ಪರಿಚಯಕ್ಕೆ ‘ದೀಕ್ಷಾರಂಭ’

ಮೈಸೂರಿನ ಕಾಲೇಜುಗಳಿಗೆ ನಗರದ ಮಕ್ಕಳಷ್ಟೇ ಅಲ್ಲದೆ ಹೆಗ್ಗಡದೇವನಕೋಟೆ, ನಂಜನಗೂಡು, ಚಾಮರಾಜನಗರ, ಮಂಡ್ಯ ಮೊದಲಾದೆಡೆಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಮನೆತನದಲ್ಲಿ ಮೊದಲ ಬಾರಿಗೆ ಪದವಿ ತರಗತಿಯ ಮೆಟ್ಟಿಲು ಹತ್ತಿದವರು, ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಉಪನ್ಯಾಸಗಳಿಗೆ ಹೊರಳಿದವರು ಇವರಲ್ಲಿದ್ದಾರೆ. ಪ್ರಾಧ್ಯಾಪಕರ ಕೊಠಡಿಯ ಬಾಗಿಲು ತಟ್ಟಲು ಅಳುಕುವ ಇಂಥವರಿಗೆ ಮೊದಲ ಕೆಲವು ವಾರಗಳೇ ನಿರ್ಣಾಯಕ. ಈ ಅಳುಕನ್ನು ಕಳೆಯುವ ಕೆಲಸ ಇಂದು ಕೇವಲ ಸೌಜನ್ಯವಾಗಿ ಉಳಿದಿಲ್ಲ. ಅದಕ್ಕೆ ನಿಯಮಗಳ ಆಧಾರವಿದೆ.

ಹಿಂದಿನ ಪರಂಪರೆ

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಈ ಬಾಂಧವ್ಯ ಹೊಸದಲ್ಲ. 1918ರಿಂದ ಇಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಡಾ. ಎಸ್. ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಅವರ ಸಾರೋಟನ್ನು ತಾವೇ ಎಳೆದು ರೈಲು ನಿಲ್ದಾಣಕ್ಕೆ ಕರೆದೊಯ್ದರು. ಮಹಾರಾಜ ಕಾಲೇಜಿನಲ್ಲಿ ಓದಿದ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಆದರೆ ಅಂದಿನ ತರಗತಿಗಳು ಚಿಕ್ಕವು. ವಿದ್ಯಾರ್ಥಿಗಳ ಸಂಖ್ಯೆ ಬೆಳೆದಂತೆ, ತಾನಾಗಿ ಮೂಡುತ್ತಿದ್ದ ಪರಿಚಯಕ್ಕೆ ವ್ಯವಸ್ಥೆಯೊಂದು ಬೇಕಾಯಿತು.

ಇಂದಿನ ವ್ಯವಸ್ಥೆ

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ (ಯುಜಿಸಿ) 2009ರಲ್ಲಿ ಹೊರಡಿಸಿದ ರ‍್ಯಾಗಿಂಗ್ ತಡೆ ನಿಯಮಗಳು ಬರಿಯ ಶಿಕ್ಷೆಯನ್ನಷ್ಟೇ ಹೇಳುವುದಿಲ್ಲ. ಹೊಸಬರನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪನ್ನು ಒಬ್ಬ ಅಧ್ಯಾಪಕರಿಗೆ ವಹಿಸಬೇಕು. ಆರು ಹೊಸಬರಿಗೆ ಒಬ್ಬರಂತೆ ಹಿರಿಯ ವಿದ್ಯಾರ್ಥಿಗಳು ಮಾರ್ಗದರ್ಶಕರಾಗಿರಬೇಕು ಎಂದೂ ಅವು ವಿಧಿಸುತ್ತವೆ. ಅಂದರೆ ಕಾಡಿಸುವ ಹಿರಿಯನ ಸ್ಥಾನದಲ್ಲಿ ಕೈಹಿಡಿದು ನಡೆಸುವ ಹಿರಿಯನನ್ನು ನಿಲ್ಲಿಸುವುದೇ ಇದರ ಆಶಯ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರ ಮಾದರಿ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೂರು ವಾರಗಳ ಪ್ರವೇಶ ಕಾರ್ಯಕ್ರಮವನ್ನು ಸೇರಿಸಿತು. 2019ರಲ್ಲಿ ಯುಜಿಸಿ ‘ದೀಕ್ಷಾರಂಭ’ ಎಂಬ ಕೈಪಿಡಿಯ ಮೂಲಕ ಇಂಥದೇ ಕ್ರಮವನ್ನು ಎಲ್ಲ ವಿಷಯಗಳ ವಿದ್ಯಾರ್ಥಿಗಳಿಗೂ ವಿಸ್ತರಿಸಿತು. ಇದರಲ್ಲಿ ನಾಲ್ಕು ಅಂಗಗಳಿವೆ: ಸಹಪಾಠಿಗಳು ಹಾಗೂ ಹಿರಿಯರೊಡನೆ ಬೆರೆಯುವುದು, ವಿಭಾಗ, ಸಂಸ್ಥೆ ಮತ್ತು ಊರಿನ ಪರಿಚಯ, ನಿಯಮಗಳು ಮತ್ತು ನೆರವಿನ ವ್ಯವಸ್ಥೆಗಳ ಅರಿವು, ಕಲೆ, ಕ್ರೀಡೆ, ಸಾಹಿತ್ಯ ಹಾಗೂ ಕಲಿಕೆಯ ಅನುಭವ.

ಸಾಗಬೇಕಾದ ದಾರಿ

ಊರಿನ ಪರಿಚಯಕ್ಕೆ ಮೈಸೂರಿನಲ್ಲಿ ಅವಕಾಶಗಳಿಗೆ ಕೊರತೆಯಿಲ್ಲ. ಪ್ರಾಚ್ಯವಿದ್ಯಾ ಸಂಶೋಧನಾಲಯದ ತಾಳೆಗರಿಗಳನ್ನೋ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯವನ್ನೋ ಅಧ್ಯಾಪಕರೊಡನೆ ನೋಡಿಬಂದ ವಿದ್ಯಾರ್ಥಿಗೆ, ಮರುದಿನ ತರಗತಿಯಲ್ಲಿ ಪ್ರಶ್ನೆ ಕೇಳುವುದು ಅಷ್ಟು ಕಷ್ಟವೆನಿಸದು.

ಆದರೆ ಸ್ವಾಗತ ಭಾಷಣ, ಹಾರ-ತುರಾಯಿಗಳಲ್ಲೇ ಕಾರ್ಯಕ್ರಮ ಮುಗಿದರೆ ಅದು ಸಮಾರಂಭವಾದೀತೇ ಹೊರತು ಸಂಬಂಧವಾಗದು. ಗುಂಪಿನ ಅಧ್ಯಾಪಕರು ವರ್ಷವಿಡೀ ಅದೇ ವಿದ್ಯಾರ್ಥಿಗಳನ್ನು ನಿಯತವಾಗಿ ಭೇಟಿ ಮಾಡಿದಾಗಲೇ ಹಾಜರಾತಿ ಕುಸಿದವನ, ಶುಲ್ಕ ಕಟ್ಟಲಾಗದವಳ ಕಷ್ಟ ಸಕಾಲಕ್ಕೆ ತಿಳಿದೀತು. ಅಧ್ಯಾಪಕರ ಹುದ್ದೆಗಳು ಖಾಲಿ ಉಳಿದಷ್ಟೂ ಇದು ಕಠಿಣವಾಗುತ್ತದೆ.

ವಿದ್ಯಾರ್ಥಿಗಳು ತಮ್ಮ ಮಾರ್ಗದರ್ಶಕ ಅಧ್ಯಾಪಕರು ಯಾರೆಂಬುದನ್ನು ಮೊದಲ ವಾರದಲ್ಲೇ ವಿಭಾಗದಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ರ‍್ಯಾಗಿಂಗ್ ತೊಂದರೆಯಿದ್ದಲ್ಲಿ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಉಚಿತವಾಗಿ ಕರೆ ಮಾಡಬಹುದು.